ಮಾಲೀಕರ ಸಹಿ

ಫೆಬ್ರವರಿ ೩, ಸೋಮವಾರ

ಅಂಚೆಯವನು ಇವತ್ತು ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಲಿಲ್ಲ, ಕರೆಗಂಟೆ ಒತ್ತಿದ.

"ರಿಜಿಸ್ಟರ್ಡ್ ಬಂದಿದೆ. ಸಹಿ ಬೇಕು."

ಲಕೋಟೆಯ ಮೇಲೆ ತಂಗಿಯ ಹೆಸರು. ಅಂಚಿನುದ್ದಕ್ಕೂ ಕೆಂಪು ಪಟ್ಟಿ.

"ಇವರು ಇದಾರಾ?"

"ಇಲ್ಲ. ನಾನು ಅವಳ ಅಕ್ಕ."

"ಹಾಗಾದ್ರೆ ನೀವೇ ಹಾಕಿ."

ಹಾಕಿದೆ. ಒಳಗೆ ತಂದು ಅವಳ ಮೇಜಿನ ಮೇಲೆ, ಉಳಿದ ಕಾಗದಗಳ ರಾಶಿಯ ಮೇಲಿಟ್ಟೆ. ರಾಶಿ ಈಗ ಒಂದು ಗೇಣು ಎತ್ತರ ಬಂದಿದೆ. ಧೂಳು ಹೊಡೆಯುವಾಗ ಅದನ್ನು ಹಾಗೇ ಎತ್ತಿ, ಕೆಳಗೆ ಒರೆಸಿ, ಮತ್ತೆ ಅದೇ ಜಾಗಕ್ಕೆ ಇಡುತ್ತೇನೆ. ಒಂದನ್ನೂ ಒಡೆದಿಲ್ಲ. ತನ್ನ ಕಾಗದವನ್ನು ಬೇರೆಯವರು ಒಡೆದರೆ ತಂಗಿಗೆ ಸುತರಾಂ ಆಗುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಗೆಳತಿ ಬರೆದ ಕಾಗದವನ್ನು ಅಪ್ಪ ಒಡೆದರೆಂದು ಎರಡು ದಿನ ಊಟ ಬಿಟ್ಟವಳು ಅವಳು.

ಆಸ್ಪತ್ರೆಯಿಂದ ಅವಳ ಕನ್ನಡಕವನ್ನೂ ಚಪ್ಪಲಿಯನ್ನೂ ಮಾತ್ರ ಚೀಲದಲ್ಲಿ ಹಾಕಿಕೊಂಡು ನಾನೊಬ್ಬಳೇ ಮನೆಗೆ ಬಂದು ನಾಳಿದ್ದಿಗೆ ಹನ್ನೊಂದು ತಿಂಗಳು.

ಫೆಬ್ರವರಿ ೪, ಮಂಗಳವಾರ

ಗ್ರಂಥಾಲಯದಲ್ಲಿ ಬೆಳಗ್ಗೆಯಿಂದ ಒಂದು ಹಳೇ ನಿಘಂಟಿನ ಬೆನ್ನು ಬಿಚ್ಚುವ ಕೆಲಸ. ಗೋಂದು ಗಟ್ಟಿಯಾಗಿ ಕಲ್ಲಾಗಿತ್ತು. ಕೌಂಟರಿನಿಂದ 'ಮೆಲ್ಲಗೆ ಸಾರ್' ಚಹಾ ತಂದುಕೊಟ್ಟರು. ಓದುವ ಕೋಣೆಯಲ್ಲಿ ಯಾರು ಉಸಿರು ಬಿಟ್ಟರೂ "ಮೆಲ್ಲಗೆ, ಮೆಲ್ಲಗೆ" ಅನ್ನುವುದರಿಂದ ಅವರಿಗೆ ಆ ಹೆಸರು. ಗದರುವಾಗ ಅವರ ದನಿಯೇ ಎಲ್ಲರಿಗಿಂತ ದೊಡ್ಡದು.

ಕೆಂಪು ಪಟ್ಟಿಯ ಲಕೋಟೆಯ ವಿಷಯ ಹೇಳಿದೆ.

"ರಿಜಿಸ್ಟರ್ಡ್ ಕಳಿಸಿದ್ದಾರೆ ಅಂದ್ರೆ ಅವರಿಗೇನೋ ಅರ್ಜೆಂಟಿದೆ. ಒಡೀರಿ ಮೇಡಂ" ಎಂದರು.

"ಅವಳ ಹೆಸರಿಗೆ ಬಂದಿದ್ದು."

ಅವರು ತಮ್ಮ ಚಹಾ ಮುಗಿಸಿ, ಲೋಟ ತೆಗೆದುಕೊಂಡು ಹೋದರು.

ಸಂಜೆ ಒಡೆದೆ. ಬೈಂಡಿಂಗ್ ಚಾಕುವಿನಿಂದ ಅಂಟು ಬಿಡಿಸಿದ್ದು, ಬೇಕಾದರೆ ಗೊತ್ತಾಗದಂತೆ ಮತ್ತೆ ಅಂಟಿಸಬಹುದು.

ಕಾರಿನ ಕಂಪನಿಯ ಕಾಗದ. ನಮ್ಮ ನೀಲಿ ಕಾರಿನ ಸ್ಟೀರಿಂಗ್ ಒಳಗೆ, ಅಪಘಾತವಾದಾಗ ಉಬ್ಬಿಕೊಳ್ಳುವ ಏರ್‌ಬ್ಯಾಗ್ ಇದೆಯಲ್ಲ, ಅದಕ್ಕೆ ಗಾಳಿ ತುಂಬಲು ಒಂದು ಲೋಹದ ಡಬ್ಬಿ ಇರುತ್ತದಂತೆ. ಹಳೆಯದಾದಂತೆ ಅದರೊಳಗೆ ತೇವ ಸೇರುತ್ತದೆ. ಆಗ ಗಾಡಿ ಎಲ್ಲಾದರೂ ಬಡಿದರೆ ಚೀಲ ಉಬ್ಬುವ ಬದಲು ಡಬ್ಬಿಯೇ ಸಿಡಿದು, ಲೋಹದ ಚೂರುಗಳು ಓಡಿಸುವವರ ಮುಖಕ್ಕೆ, ಕುತ್ತಿಗೆಗೆ ಹಾರಬಹುದು. ಸಾವೂ ಸಂಭವಿಸಬಹುದು. ದಯವಿಟ್ಟು ವಾಹನವನ್ನು ಓಡಿಸುವುದನ್ನು ಈ ಕೂಡಲೇ ನಿಲ್ಲಿಸಿ. ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ. ಇದು ನಮ್ಮ ಮೂರನೆಯ ಹಾಗೂ ಕೊನೆಯ ಸೂಚನೆ.

ಮೂರನೆಯದು ಅಂದಮೇಲೆ ಇನ್ನೆರಡು ಇರಬೇಕು. ರಾಶಿ ಹುಡುಕಿದೆ. ಒಂದು ಅಕ್ಟೋಬರಿನದು. ಇನ್ನೊಂದು ಜುಲೈನದು, ನಡುವಿನಲ್ಲಿ ಸಿಕ್ಕಿತು. ಏಳು ತಿಂಗಳು ನಾನು ಅದರ ಕೆಳಗೂ ಮೇಲೂ ಧೂಳು ಒರೆಸಿದ್ದೇನೆ.

ಕಾರು ಈಗ ನಮ್ಮ ಹತ್ತಿರ ಇಲ್ಲ. ಅವಳು ಹೋದ ಮೂರನೇ ವಾರವೇ ಯಾರೋ ಬಂದು ಕೇಳಿದಾಗ ಕೊಟ್ಟುಬಿಟ್ಟೆ. ನನಗೆ ಓಡಿಸಲು ಬರುವುದಿಲ್ಲ. ಕಿಟಕಿಯ ಹೊರಗೆ ಅದು ನಿಂತಿರುವುದನ್ನು ನೋಡಲಾಗುತ್ತಿರಲಿಲ್ಲ.

ಅದನ್ನು ಈಗ ಯಾರು ಓಡಿಸುತ್ತಿದ್ದಾರೋ.

ಫೆಬ್ರವರಿ ೫, ಬುಧವಾರ

ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಮೂರು ಸಲ ಹಾಡು ಕೇಳಿಸಿದ ಮೇಲೆ ಒಂದು ಹೆಣ್ಣು ದನಿ.

"ಮಾಲೀಕರಾ ಮಾತಾಡ್ತಿರೋದು?"

"ಅಲ್ಲ, ಅಕ್ಕ. ಕಾರು ಮಾರಿ ಆಗಿದೆ. ತಗೊಂಡವರು ಯಾರು ಅಂತ ನಿಮಗೆ ಗೊತ್ತಿದ್ರೆ ಅವರಿಗೆ ತಿಳಿಸಿ."

"ನಮ್ಮಲ್ಲಿ ಮಾಲೀಕರು ಅಂತ ಇನ್ನೂ ಅವರ ಹೆಸರೇ ಇದೆ ಮೇಡಂ. ನೋಂದಣಿ ಬದಲಾಗಿಲ್ಲ. ಅವರ ಹತ್ರಾನೇ ಮಾತಾಡ್ಬೇಕಿತ್ತು. ಯಾವಾಗ ಸಿಗ್ತಾರೆ?"

"ಗೊತ್ತಿಲ್ಲ" ಎಂದು ಫೋನ್ ಇಟ್ಟೆ.

ಆಮೇಲೆ ತುಂಬ ಹೊತ್ತು ಅಲ್ಲೇ ಕುಳಿತಿದ್ದೆ. ಗೊತ್ತಿಲ್ಲ ಎಂದು ಯಾಕೆ ಹೇಳಿದೆ?

ಫೆಬ್ರವರಿ ೮, ಶನಿವಾರ

ಕಾರು ತೆಗೆದುಕೊಂಡು ಹೋದವನು ಕೊಟ್ಟ ಚೀಟಿ ಸಿಕ್ಕಿತು. ಬಚ್ಚಲ ಬೀರುವಿನಲ್ಲಿ, ಸಾಬೂನಿನ ಡಬ್ಬದ ಅಡಿ ಇತ್ತು. ಅದನ್ನು ಅಲ್ಲಿ ಇಟ್ಟವಳು ನಾನೇ ಇರಬೇಕು, ಆ ದಿನಗಳದ್ದು ಏನೂ ನೆನಪಿಲ್ಲ.

ಹಳೇ ಕಾರುಗಳ ವ್ಯಾಪಾರಿ. ತಗಡಿನ ಮಾಡಿನ ಕೆಳಗೆ ನಲವತ್ತು ಕಾರುಗಳು ಒತ್ತಾಗಿ ನಿಂತಿದ್ದವು, ಎಲ್ಲದರ ಮುಖ ತೊಳೆದು ಹೊಳಪು ಹಚ್ಚಿದ್ದರು. ಅವನೂ ಹಾಗೇ ಇದ್ದ.

"ಹತ್ತು ತಿಂಗಳಾಯ್ತು ಮೇಡಂ. ಕೈಯಿಂದ ಹೋದ ಗಾಡಿ. ನಾನೇನು ಅದರ ಜಾತಕ ಇಟ್ಕೊಂಡಿರ್ತೀನಾ?"

"ಹೆಸರು ಬದಲಾಯಿಸಿ ಕೊಡ್ತೀನಿ ಅಂದಿದ್ರಿ."

"ಅದು ತಗೊಂಡವರು ಮಾಡ್ಕೋಬೇಕು."

ಕಾಗದ ತೋರಿಸಿದೆ. ಓದಿದ. ಮಡಿಸಿ ಹಿಂದಕ್ಕೆ ಕೊಟ್ಟ. "ಇವೆಲ್ಲ ಕಂಪನಿಯವರು ತಮ್ಮ ಕೈ ತೊಳ್ಕೊಳ್ಳೋಕೆ ಬರೆಯೋದು. ತಲೆ ಕೆಡಿಸ್ಕೋಬೇಡಿ."

ನಾನು ಎದ್ದು ಹೋಗಲಿಲ್ಲ. ಅವನ ಮೇಜಿನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕುಳಿತೆ. ಗಿರಾಕಿಗಳು ಬಂದರು, ಹೋದರು. ಒಬ್ಬ ಹೆಂಗಸು ಒಂದು ಬಿಳಿ ಕಾರನ್ನು ನೋಡುತ್ತಿದ್ದಾಗ ಎದ್ದುಹೋಗಿ, "ಇದರ ಏರ್‌ಬ್ಯಾಗ್ ಸರಿ ಇದೆಯಾ ಅಂತ ಕೇಳಿ ತಗೊಳ್ಳಿ" ಎಂದೆ. ವ್ಯಾಪಾರಿಯ ಮುಖ ಕೆಂಪಾಯಿತು. ಡ್ರಾಯರ್ ಎಳೆದು, ಪುಸ್ತಕ ತೆಗೆದು, ಒಂದು ವಿಳಾಸ ಗೀಚಿ ನನ್ನ ಕೈಗಿಟ್ಟ.

"ಡ್ರೈವಿಂಗ್ ಸ್ಕೂಲಿಗೆ ಕೊಟ್ಟಿದ್ದು. ಇನ್ನು ನನ್ನನ್ನ ಬಿಟ್ಟುಬಿಡಿ ತಾಯಿ."

ಡ್ರೈವಿಂಗ್ ಸ್ಕೂಲು. ಓಡಿಸಲು ಬಾರದವರೇ ಕೂತು ಓಡಿಸುವ ಕಾರು.

ಫೆಬ್ರವರಿ ೧೦, ಸೋಮವಾರ

ಅರ್ಧ ದಿನ ರಜೆ ಹಾಕಿ ಹೋದೆ.

ಒಂದು ಗೋದಾಮಿನ ಹಿಂದಿನ ಖಾಲಿ ಮೈದಾನ. ಹಳೇ ಟೈರುಗಳನ್ನು ಸಾಲಾಗಿ ನಿಲ್ಲಿಸಿ ದಾರಿ ಮಾಡಿದ್ದರು. ಆ ಟೈರುಗಳ ನಡುವೆ ನಮ್ಮ ಕಾರು ಮುಗ್ಗರಿಸುತ್ತಾ, ನಿಲ್ಲುತ್ತಾ ಬರುತ್ತಿತ್ತು. ತಲೆಯ ಮೇಲೆ ಹಳದಿ ಫಲಕ. ನಮ್ಮದೇ. ಎಡ ಬಾಗಿಲಿನಲ್ಲಿ ಆ ತಗ್ಗು ಹಾಗೇ ಇದೆ. ಕಣ್ಣಿನ ಆಸ್ಪತ್ರೆಯಲ್ಲಿ ಕೂತು ದಿನಕ್ಕೆ ನಲವತ್ತು ಜನರ ಕನ್ನಡಕದ ನಂಬರು ಹೇಳುವ ತಂಗಿಗೆ ನಮ್ಮ ಗೇಟಿನ ಕಂಬ ಮಾತ್ರ ಕಾಣಿಸುವುದಿಲ್ಲ.

ಸ್ಟೀರಿಂಗ್ ಹಿಡಿದವನು ಐವತ್ತು ದಾಟಿದ ಮನುಷ್ಯ, ಬೆವರಿ ಒದ್ದೆಯಾಗಿದ್ದ. ಪಕ್ಕದಲ್ಲಿ ಕಲಿಸುವಾಕೆ. ನಲವತ್ತರ ಆಸುಪಾಸು, ದಪ್ಪ ಜಡೆ, ಕೊರಳಲ್ಲಿ ಸೀಟಿ. ಇಳಿದ ಮೇಲೆ ಹೋಗಿ ಕಾಗದ ಕೊಟ್ಟೆ. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅವರು ನಿಂತಲ್ಲೇ ಎರಡು ಸಲ ಓದಿದರು.

"ಇದು ಯಾವಾಗ ಬಂತು?"

"ಮೊನ್ನೆ" ಎಂದೆ.

"ಪಾರ್ಟು ಹಾಕ್ತಾರಂತಾ?"

"ಹಾಕ್ತಾರೆ. ಅಲ್ಲೀವರೆಗೆ ಓಡಿಸಬಾರದು ಅಂತಾರೆ."

ಅವರು ನಕ್ಕರು. ಸಿಟ್ಟು ಬಂದಾಗ ನಗುವ ಜಾತಿಯವರು ಎಂದು ಆಮೇಲೆ ಗೊತ್ತಾಯಿತು. "ಅಕ್ಕಾ, ನಂದು ಡ್ರೈವಿಂಗ್ ಸ್ಕೂಲು. ಓಡಿಸದೆ ಏನು ಕಲಿಸ್ಲಿ? ಇರೋದೇ ಒಂದು ಗಾಡಿ. ಹದಿನೇಳು ಜನ ಹೆಸರು ಬರೆಸಿದ್ದಾರೆ. ಈ ಮೈದಾನದಲ್ಲಿ ನಡೆಯೋ ವೇಗದಲ್ಲಿ ಹೋಗೋ ಗಾಡಿಗೆ ಏನಾಗುತ್ತೆ?"

"ರಸ್ತೆಗೂ ತಗೊಂಡು ಹೋಗ್ತೀರಲ್ಲ?"

ಅವರು ಸೀಟಿ ಊದಿ ಮುಂದಿನವರನ್ನು ಕರೆದರು.

"ಮೊನ್ನೆ" ಅಂದದ್ದು ಸುಳ್ಳಲ್ಲ. ಆ ಕೆಂಪು ಪಟ್ಟಿಯದು ಬಂದದ್ದು ಮೊನ್ನೆಯೇ.

ಫೆಬ್ರವರಿ ೧೧, ಮಂಗಳವಾರ

ಕೆಲಸಕ್ಕೆ ಮನಸ್ಸಿಲ್ಲ. ಎರಡು ಪುಸ್ತಕದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ.

ಫೆಬ್ರವರಿ ೧೩, ಗುರುವಾರ

ಮತ್ತೆ ಹೋದೆ. ಈ ಸಲ ಟೀಚರ್ ಹತ್ತಿರ ಹೋಗದೆ, ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದವರಿಗೇ ಹೇಳಿದೆ. ಹೊಸದಾಗಿ ಮದುವೆಯಾದ ಒಬ್ಬಳು, ಬೆವರುವ ಆ ಮನುಷ್ಯ, ಇನ್ನೊಬ್ಬರು. ಕಾಗದ ಕೈಯಿಂದ ಕೈಗೆ ಹೋಯಿತು. ಹೊಸ ಮದುವಣಗಿತ್ತಿ ಎದ್ದು ಹೋದಳು.

ಟೀಚರ್ ಕಾರನ್ನು ಮೈದಾನದ ನಡುವೆಯೇ ನಿಲ್ಲಿಸಿ ಬಂದರು.

"ನಿಮಗೆ ನಾನೇನು ಮಾಡಿದ್ದೀನಿ? ಹೇಳಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ? ಮಾರೋವಾಗ ಇಲ್ಲದ ಕಾಳಜಿ ಈಗೆಲ್ಲಿಂದ ಬಂತು?"

"ಆಗ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತು, ಹೇಳಿದ್ರಿ, ನಿಮ್ಮ ಕೆಲಸ ಮುಗೀತು. ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿ."

ಹಾಗಾಗಿದ್ದರೆ ನಾನು ಹೋಗುತ್ತಿದ್ದೆ. ಬಾಯಿಗೆ ಬಂದದ್ದು ಬೇರೆ. "ಈ ಕಾಗದ ಜುಲೈನಲ್ಲೇ ಬಂದಿತ್ತು. ಒಂದಲ್ಲ, ಮೂರು ಬಂದಿವೆ. ನಾನು ಒಡೆಯಲಿಲ್ಲ. ಏಳು ತಿಂಗಳು ಮೇಜಿನ ಮೇಲೆ ಇಟ್ಕೊಂಡಿದ್ದೆ. ಈ ಏಳು ತಿಂಗಳಲ್ಲಿ ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ದಿದ್ರೆ ಅದು ನನ್ನ ತಲೆ ಮೇಲೆ ಬರ್ತಿತ್ತು."

ಅವರು ನಗಲಿಲ್ಲ. ನನ್ನನ್ನು ನೋಡಿದರು, ಕಾರನ್ನು ನೋಡಿದರು. "ಹೋಗಿ ಅಕ್ಕಾ" ಎಂದರು.

ಫೆಬ್ರವರಿ ೧೫, ಶನಿವಾರ

ಮಧ್ಯಾಹ್ನ ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ಮೆಲ್ಲಗೆ ಸಾರ್. "ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದ್ದಾರೆ. ಕೊರಳಲ್ಲಿ ಸೀಟಿ ಇದೆ, ಊದಬೇಡಿ ಅಂತ ಹೇಳಿದ್ದೀನಿ."

ಟೀಚರ್ ಒಳಗೆ ಬಂದರು. ರಟ್ಟು, ದಾರ, ಗೋಂದಿನ ಬಟ್ಟಲು, ಭಾರ ಹೇರಿದ ಪುಸ್ತಕಗಳು, ಎಲ್ಲವನ್ನೂ ಒಮ್ಮೆ ನೋಡಿದರು. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ನಿನ್ನೆ ಅವರನ್ನ ರಸ್ತೆಗೆ ಕರ್ಕೊಂಡು ಹೋಗಿದ್ದೆ. ಆ ಬೆವರೋ ಯಜಮಾನರನ್ನ. ಮುಂದೆ ನೀರಿನ ಟ್ಯಾಂಕರ್ ನಿಲ್ತು. ಅವರು ಬ್ರೇಕ್ ಬದಲು ಇನ್ನೊಂದು ತುಳಿದ್ರು. ನನ್ನ ಕಡೆ ಬ್ರೇಕ್ ನಾನು ಒತ್ತಿದೆ, ನಿಲ್ತು. ಒಂದು ಗೇಣು ಇರಲಿಲ್ಲ ಅಕ್ಕಾ, ಒಂದು ಗೇಣು. ಎಷ್ಟು ವರ್ಷದಿಂದ ಕಲಿಸ್ತಿದ್ದೀನಿ, ಇಂಥದ್ದು ನೂರು ನೋಡಿದ್ದೀನಿ. ಯಾವತ್ತೂ ರಸ್ತೆ ನೋಡ್ತಿದ್ದೆ. ನಿನ್ನೆ ನಾನು ರಸ್ತೆ ನೋಡಲಿಲ್ಲ. ಅವರ ಕುತ್ತಿಗೆ ನೋಡ್ತಿದ್ದೆ."

ಜೇಬಿನಿಂದ ಬೀಗದ ಕೈ ತೆಗೆದು ಗೋಂದಿನ ಬಟ್ಟಲಿನ ಪಕ್ಕ ಇಟ್ಟರು.

"ಇದನ್ನ ನೀವೇ ಇಟ್ಕೊಳ್ಳಿ. ನನ್ನ ಹತ್ರ ಇದ್ರೆ ಓಡಿಸಿಬಿಡ್ತೀನಿ."

ಫೆಬ್ರವರಿ ೧೮, ಮಂಗಳವಾರ

ಟೀಚರೂ ನಾನೂ ಕಂಪನಿಯ ಸರ್ವಿಸ್ ಸೆಂಟರಿಗೆ ಬಸ್ಸಿನಲ್ಲಿ ಹೋದೆವು. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಹೊಸ ಕಾರುಗಳ ವಾಸನೆ. ಮೇಜಿನ ಹಿಂದಿನವನು ಮೃದುವಾಗಿ ಮಾತಾಡುವ ಮನುಷ್ಯ, ಕಿವಿಯ ಹಿಂದೆ ಪೆನ್ನು. ಕಾರಿನ ನಂಬರು ಕಂಪ್ಯೂಟರಿಗೆ ಹಾಕಿ ತಲೆ ಅಲ್ಲಾಡಿಸಿದ. ಹೌದು, ಈ ಗಾಡಿಯೂ ಪಟ್ಟಿಯಲ್ಲಿದೆ. ಡಬ್ಬಿ ತರಿಸಬೇಕು, ಹಳೇ ಮಾದರಿಯಾದ್ದರಿಂದ ನಾಲ್ಕೈದು ವಾರ ಹಿಡಿಯುತ್ತದೆ. ಆದರೆ ತರಿಸಲು ಅರ್ಜಿ ಬೇಕು, ಅರ್ಜಿಗೆ ಮಾಲೀಕರ ಸಹಿ ಬೇಕು.

"ಗಾಡಿ ಇರೋದು ನನ್ನ ಹತ್ರ" ಎಂದರು ಟೀಚರ್.

"ಇರಬಹುದು ಮೇಡಂ. ಪುಸ್ತಕದಲ್ಲಿ ಇರೋ ಹೆಸರು ಬೇರೆ. ಅವರು ಬಂದು ಒಂದು ಸಹಿ ಹಾಕಿ ಹೋಗ್ಲಿ. ಬರೋಕಾಗದಿದ್ರೆ ಮನೆಗೆ ತಗೊಂಡು ಹೋಗಿ ಹಾಕಿಸ್ಕೊಂಡು ಬನ್ನಿ." ನಮೂನೆಯನ್ನು ನನ್ನ ಮುಂದೆ ತಳ್ಳಿದ.

ಟೀಚರ್ ನನ್ನ ಮುಖ ನೋಡಿದರು. ತಂಗಿ ಎಲ್ಲಿದ್ದಾಳೆ ಎಂದು ನಾನು ಅವರಿಗೆ ಹೇಳಿರಲಿಲ್ಲ. "ಹಾಕಿಸ್ಕೊಂಡು ಬರ್ತೀನಿ" ಎಂದು ನಮೂನೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಫೆಬ್ರವರಿ ೧೯, ಬುಧವಾರ

ತಂಗಿಯ ಸಹಿ ಸುಲಭ. ಮೊದಲಕ್ಷರ ದೊಡ್ಡದು, ಉಳಿದದ್ದೆಲ್ಲ ಒಂದೇ ಎಳೆತ, ಕೊನೆಗೆ ಒಂದು ಬಾಲ, ಬಾಲದ ಕೆಳಗೆ ಎರಡು ಚುಕ್ಕಿ. ಒಂದು ಖಾಲಿ ಹಾಳೆಯ ಮೇಲೆ ಹನ್ನೆರಡು ಸಲ ಬರೆದೆ. ಮೊದಲಿನವು ನಡುಗಿದ್ದವು. ಹನ್ನೆರಡನೆಯದು ಥೇಟ್ ಅವಳದೇ. ಹಾಳೆಯನ್ನು ದೂರ ಹಿಡಿದು ನೋಡಿದೆ. ಅವಳೇ ಈಗಷ್ಟೇ ಬರೆದು, ಪೆನ್ನು ಮುಚ್ಚದೆ ಎದ್ದು ಹೋದ ಹಾಗಿತ್ತು.

ನಮೂನೆಯ ಮೇಲೆ ಹಾಕಿದೆ. ಇದರಲ್ಲಿ ಯಾರಿಗೆ ಏನು ಕೆಟ್ಟದಾಗುತ್ತದೆ? ಒಂದು ಕಾರು ಸರಿಯಾಗುತ್ತದೆ.

ಫೆಬ್ರವರಿ ೨೦, ಗುರುವಾರ

ಒಬ್ಬಳೇ ಹೋದೆ. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿದ ಮನುಷ್ಯ ನಮೂನೆ ತೆಗೆದುಕೊಂಡು, ಸಹಿ ನೋಡಿ, ಕಂಪ್ಯೂಟರಿನಲ್ಲಿರುವ ಹಳೇ ಸಹಿಗೆ ಹೋಲಿಸಿದ. ಏನೂ ಅನುಮಾನ ಬರಲಿಲ್ಲ. ಮೊಹರು ತೆಗೆದುಕೊಂಡ. ಮೊಹರನ್ನು ಶಾಯಿಗೆ ಒತ್ತುತ್ತಾ, ಮರ್ಯಾದೆಗೆ ಕೇಳುವ ಹಾಗೆ ಕೇಳಿದ.

"ಚೆನ್ನಾಗಿದ್ದಾರಾ ಅವರು? ಓಡಾಡೋಕೆ ಕಷ್ಟಾನಾ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ" ಎಂದೆ. "ನನ್ನ ತಂಗಿ ಸತ್ತುಹೋಗಿದ್ದಾಳೆ. ಹನ್ನೊಂದು ತಿಂಗಳಾಯ್ತು. ಈ ಸಹಿ ನಾನು ಹಾಕಿದ್ದು."

ಎತ್ತಿದ ಮೊಹರು ಅವನ ಕೈಯಲ್ಲೇ ಉಳಿಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನನ್ನ ದನಿ ಅಷ್ಟು ಜೋರಾಗಿತ್ತೇ? ಪೊಲೀಸರನ್ನು ಕರೆಯುತ್ತಾನೆ ಅಂದುಕೊಂಡೆ. ಅವನು ಮೇಜು ಸುತ್ತಿ ಬಂದು, ಕುರ್ಚಿ ಎಳೆದು ನನ್ನನ್ನು ಕೂರಿಸಿ, ನೀರು ತಂದುಕೊಟ್ಟ. ನಮೂನೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ.

"ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ ಅಮ್ಮ. ಮರಣ ಪತ್ರ ತಗೊಂಡು ಬನ್ನಿ. ಅದಿದ್ರೆ ಅಕ್ಕ ಅಂತ ನಿಮ್ಮ ಸಹಿಯೇ ಸಾಕು. ಪಾರ್ಟು ಕಳಿಸಿ ಅಂತ ನಾನು ಇವತ್ತೇ ಬರೀತೀನಿ. ನಿಮ್ಮ ಪತ್ರ ಬರೋವರೆಗೆ ಅದಕ್ಕೂ ಕಾಯೋದು ಬೇಡ."

ಮನೆಗೆ ಬಂದು ಆ ಹನ್ನೆರಡು ಸಹಿಯ ಹಾಳೆಯನ್ನು ಹರಿಯಲು ಹೋದೆ. ಆಗಲಿಲ್ಲ. ಈ ಪುಸ್ತಕದಲ್ಲೇ ಇಟ್ಟಿದ್ದೇನೆ.

ಫೆಬ್ರವರಿ ೨೪, ಸೋಮವಾರ

ಮರಣ ಪತ್ರ ನನ್ನ ಹತ್ತಿರ ಇಲ್ಲ. ಆಸ್ಪತ್ರೆಯವರು ಒಂದು ಚೀಟಿ ಕೊಟ್ಟು, ಪುರಸಭೆಗೆ ಹೋಗಿ ಪತ್ರ ಮಾಡಿಸಿಕೊಳ್ಳಿ ಅಂದಿದ್ದರು. ನಾನು ಹೋಗಿರಲಿಲ್ಲ.

ಇವತ್ತು ಹೋದೆ. ಕಿಟಕಿಯ ಆಚೆ ಗುಮಾಸ್ತೆ. ಓದುವ ಕನ್ನಡಕ ಮೂಗಿನ ತುದಿಯಲ್ಲಿತ್ತು.

"ಹೋದ ವರ್ಷ ಮಾರ್ಚಿನದಾ? ಇಷ್ಟು ದಿನ ಯಾಕೆ ಬರಲಿಲ್ಲ?"

"ಬರೋಕಾಗಲಿಲ್ಲ."

"ಊರಲ್ಲಿರಲಿಲ್ವಾ?"

"ಇದ್ದೆ."

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಎಂಟು ದಿನ ಬಿಟ್ಟು ಬರಲು ಹೇಳಿದಳು.

ಮಾರ್ಚ್ ೪, ಮಂಗಳವಾರ

ಪತ್ರ ಬಂತು. ಅವಳ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಗುಮಾಸ್ತೆ "ಪರವಾಗಿಲ್ಲ, ಓದೋರಿಗೆ ಅರ್ಥ ಆಗುತ್ತೆ" ಎಂದಳು. ನಾನು ಒಪ್ಪಲಿಲ್ಲ. ತಂಗಿ ತನ್ನ ಹೆಸರನ್ನು ತಪ್ಪು ಬರೆದವರಿಗೆ ಉತ್ತರವನ್ನೇ ಬರೆಯುತ್ತಿರಲಿಲ್ಲ. ತಿದ್ದಿಸಿಕೊಂಡೇ ಬಂದೆ. ಒಂದೂವರೆ ಗಂಟೆ ಹಿಡಿಯಿತು.

ಸರ್ವಿಸ್ ಸೆಂಟರಿಗೆ ಕೊಟ್ಟು ಬಂದೆ. ಅರ್ಜಿಯಲ್ಲಿ ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆದು ನನ್ನ ಸಹಿ ಹಾಕಿದೆ. ನನ್ನ ಸಹಿ ಪೆದ್ದು ಪೆದ್ದಾಗಿದೆ.

ಮಾರ್ಚ್ ೫, ಬುಧವಾರ

ವರ್ಷವಾಯಿತು.

ಮಾರ್ಚ್ ೧೨, ಬುಧವಾರ

ಟೀಚರಿಗೆ ಹದಿನೇಳರಲ್ಲಿ ಆರು ಜನ ಉಳಿದಿದ್ದಾರಂತೆ. ಅವರಿಗೆ ಮೈದಾನದ ಬೆಂಚಿನ ಮೇಲೆ ರಸ್ತೆಯ ನಿಯಮ ಹೇಳಿಕೊಡುತ್ತಾರೆ, ಊಟದ ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿಸಿ ತಿರುಗಿಸಲು ಕಲಿಸುತ್ತಾರೆ. ಬೆವರುವ ಯಜಮಾನರು ಒಂದು ದಿನವೂ ತಪ್ಪಿಸಿಲ್ಲ. ತಟ್ಟೆ ಹಿಡಿದಾಗಲೂ ಬೆವರುತ್ತಾರಂತೆ.

ಇದನ್ನು ಹೇಳಲು ಫೋನ್ ಮಾಡಿದ್ದರು. ನಾನು ಕ್ಷಮೆ ಕೇಳಿದೆ. ತಂಗಿಯ ವಿಷಯವನ್ನೂ ಹೇಳಿದೆ. ಅವರು "ಗಾಡಿ ಡ್ಯಾಶ್‌ಬೋರ್ಡಿನ ಒಳಗೆ ಒಂದು ಬಾಚಣಿಗೆ ಇತ್ತು. ನಿಮ್ಮದೋ ಅವರದೋ ಅಂತ ತೆಗೆದಿಟ್ಟಿದ್ದೀನಿ" ಎಂದರು.

ಸಂಜೆ ರಾಶಿಯಲ್ಲಿ ಉಳಿದ ಕಾಗದಗಳನ್ನೂ ಒಡೆದೆ. ಬಹುಪಾಲು ಜಾಹೀರಾತು. ಕನ್ನಡಕದ ಕಂಪನಿಯೊಂದರ ಕ್ಯಾಲೆಂಡರು. ನಾಲ್ಕಕ್ಕೆ ಉತ್ತರ ಬರೆಯಬೇಕಿತ್ತು, ಬರೆದೆ. ಮೇಜು ಇಷ್ಟು ಅಗಲ ಇದೆ ಎಂದು ಮರೆತೇಹೋಗಿತ್ತು. ಗ್ರಂಥಾಲಯದಿಂದ ಒಂದು ನಕ್ಷೆಗಳ ಪುಸ್ತಕ ತಂದು ಅಲ್ಲಿ ಹರಡಿದ್ದೇನೆ, ಅದರ ಹಾಳೆಗಳಿಗೆ ಅಷ್ಟು ಜಾಗ ಬೇಕು.

ಮಾರ್ಚ್ ೨೧, ಶುಕ್ರವಾರ

ಸರ್ವಿಸ್ ಸೆಂಟರಿನಿಂದ ಫೋನ್. ಡಬ್ಬಿ ಬಂದಿದೆ. ಅವರೇ ಲಾರಿ ಕಳಿಸಿ ಕಾರನ್ನು ಹೊತ್ತೊಯ್ಯುತ್ತಾರಂತೆ. ಮಂಗಳವಾರ.

ಮಾರ್ಚ್ ೨೫, ಮಂಗಳವಾರ

ರಜೆ ಹಾಕಿದ್ದೆ. ಟೀಚರ್ ಬೆಳಗ್ಗೆಯೇ ಬಂದು ನನ್ನನ್ನು ಕರೆದುಕೊಂಡು ಹೋದರು.

ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಮೆಕ್ಯಾನಿಕ್ ಬ್ಯಾಟರಿ ಬಿಡಿಸಿ, ಕಾದು, ಸ್ಟೀರಿಂಗಿನ ನಡುವಿನ ಮುಚ್ಚಳವನ್ನು ಮಗುವಿನ ಟೋಪಿ ತೆಗೆಯುವಷ್ಟು ಮೆತ್ತಗೆ ತೆಗೆದ. ಹಳೇ ಡಬ್ಬಿಯನ್ನು ಗಾಜಿನ ಆಚೆಯಿಂದಲೇ ತೋರಿಸಿದ. ಅಂಗೈಯಗಲ. ಅದನ್ನು ತಕ್ಷಣ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಮುಚ್ಚಿದರು.

ಅವನು ಕೈ ಒರೆಸಿಕೊಂಡು ಹೊರಗೆ ಬಂದಾಗ ಕೇಳಿದೆ. "ಇದು ಸಿಡೀತಿತ್ತಾ?"

"ಹೇಳೋಕಾಗಲ್ಲಮ್ಮ. ಎಲ್ಲಾ ಸಿಡಿಯಲ್ಲ. ಯಾವುದು ಸಿಡಿಯುತ್ತೆ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಎಲ್ಲವನ್ನೂ ತೆಗೆಯೋದು."

"ಎಷ್ಟು ವರ್ಷದಿಂದ ಹೀಗಿದ್ದಿರಬಹುದು?"

"ತುಂಬ ವರ್ಷದಿಂದ. ಒಂದೇ ಸಲ ಆಗೋದಲ್ಲ ಇದು."

ಅಂದರೆ ನಾವಿಬ್ಬರೂ ಅದರಲ್ಲಿ ಓಡಾಡುತ್ತಿದ್ದಾಗಲೂ ಅದು ಅಲ್ಲೇ ಇತ್ತು. ಭಾನುವಾರ ತರಕಾರಿಗೆ ಹೋಗುವಾಗ, ಮಳೆಯಲ್ಲಿ ಅವಳು ನನ್ನನ್ನು ಗ್ರಂಥಾಲಯದಿಂದ ಕರೆತರುವಾಗ. ನಾವು ಹೆದರಬೇಕಾದದ್ದು ಅಲ್ಲಿತ್ತು, ಬಂದದ್ದು ಬೇರೆ ಕಡೆಯಿಂದ.

ಅಲ್ಲಿಂದ ನೋಂದಣಿ ಕಚೇರಿಗೆ ಹೋದೆವು. ಕಾರು ಟೀಚರ ಹೆಸರಿಗೆ ಬದಲಾಗದಿದ್ದರೆ ಮುಂದೆ ಇಂಥ ಕಾಗದ ಬಂದರೂ ಮತ್ತೆ ನನ್ನ ಮನೆಗೇ ಬರುತ್ತದೆ. ಒಂದು ಸರದಿ, ಇನ್ನೊಂದು ಸರದಿ. ಕೊನೆಗೆ ಗುಮಾಸ್ತ ಹಳೇ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. "ಇಲ್ಲಿ ಸಹಿ ಹಾಕಿ." ಗೆರೆ ನೇರವಾಗಿತ್ತು, ಸ್ಕೇಲ್ ಇಟ್ಟು ಎಳೆದಿದ್ದ. ಅದರ ಕೆಳಗೆ ಹೆಸರು ಓದಬಹುದಿತ್ತು. ಮರಣ ಪತ್ರ ಸಿಕ್ಕ ಈ ಮೂರು ವಾರದಲ್ಲಿ ಬ್ಯಾಂಕು, ಆಸ್ಪತ್ರೆ, ಕೆಲಸದ ಜಾಗ, ಎಲ್ಲ ಕಡೆಯೂ ಅವಳ ಹೆಸರು ತೆಗೆದಾಗಿತ್ತು. ಉಳಿದಿದ್ದದ್ದು ಇದೊಂದೇ ಪುಸ್ತಕ.

ಪೆನ್ನು ಹಿಡಿದು ನಿಂತೆ. ಹಿಂದಿನವರು ಕೆಮ್ಮಿದರು. ಸಹಿ ಹಾಕಿದೆ.

ಟೀಚರ್ ಮನೆಯವರೆಗೆ ಬಿಡುತ್ತೇನೆ ಎಂದರು. ನಾನು ನನ್ನ ಹಳೇ ಜಾಗದಲ್ಲಿ, ಎಡಗಡೆ ಕುಳಿತೆ. ಅವರು ಬಹಳ ಚೆನ್ನಾಗಿ ಓಡಿಸುತ್ತಾರೆ, ಗಾಡಿ ಹೊರಟದ್ದೂ ತಿಳಿಯುವುದಿಲ್ಲ.

"ನಿಮ್ಮ ತಂಗಿ ಹೇಗೆ ಓಡಿಸ್ತಿದ್ರು?"

"ಕೆಟ್ಟದಾಗಿ" ಎಂದೆ. "ತುಂಬ ಕೆಟ್ಟದಾಗಿ ಓಡಿಸ್ತಿದ್ದಳು. ಪಕ್ಕದಲ್ಲಿ ಕೂತ ನಾನು ಸುಮ್ಮಸುಮ್ಮನೆ ಬ್ರೇಕ್ ತುಳೀತಿದ್ದೆ. 'ಅಕ್ಕಾ, ಅಲ್ಲೇನೂ ಇಲ್ಲ, ನೆಲ ತೂತಾಗುತ್ತೆ' ಅಂತ ರೇಗಿಸ್ತಿದ್ದಳು."

ಟೀಚರ್ ನಕ್ಕರು. ನಾನೂ ನಕ್ಕೆ. ಅವರು ಕೇಳಿದರು, "ನೀವು ಯಾಕೆ ಕಲೀಲಿಲ್ಲ? ನಾನು ಕಲಿಸ್ತೀನಿ ಬನ್ನಿ."

"ಬೇಡ."

"ಭಯಾನಾ?"

ಭಯವಲ್ಲ ಎಂದು ಹೇಳಲು ಹೋದೆ. ಆಮೇಲೆ ಬಾಯಿ ತಾನಾಗಿ ಮಾತಾಡತೊಡಗಿತು. ಕೊನೆಯ ಸಲ ಆಸ್ಪತ್ರೆಗೆ ಹೋದ ದಿನ ಅವಳಿಗೆ ಮೈ ಸುಡುವ ಜ್ವರವಿತ್ತು. ಬಾಡಿಗೆ ಗಾಡಿಗೆ ಫೋನ್ ಮಾಡಿದೆ, ಒಂದೂ ಸಿಗಲಿಲ್ಲ. ಅವಳೇ ಎದ್ದು ಬೀಗದ ಕೈ ತೆಗೆದುಕೊಂಡಳು. ನಡುಗುತ್ತಾ ಅವಳೇ ಓಡಿಸಿದಳು. ದಾರಿಯಲ್ಲಿ ಎರಡು ಸಲ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಆನಿಸಿಕೊಂಡು ಸುಧಾರಿಸಿಕೊಂಡಳು. ನಾನು ಇದೇ ಸೀಟಿನಲ್ಲಿ ಅವಳ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಅವಳು ನನಗೆ ಹೇಳಿದಳು, "ನೋಡಕ್ಕ, ಇವತ್ತು ಎಲ್ಲೂ ತಾಗಿಸಲಿಲ್ಲ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿಯೂ ಬರೆದಿರಲಿಲ್ಲ.

ಆಗ ಅಳು ಬಂತು. ಆಸ್ಪತ್ರೆಯಲ್ಲಿ ಬಾರದ್ದು, ಈ ಇಡೀ ವರ್ಷ ಬಾರದ್ದು, ನಡುರಸ್ತೆಯಲ್ಲಿ ಬಂತು. ಟೀಚರ್ ಇದ್ದಲ್ಲೇ ಗಾಡಿ ಪಕ್ಕಕ್ಕೆ ಸರಿಸಿ, ಮಿನುಗುವ ದೀ‍ಪಗಳನ್ನು ಹಾಕಿದರು. ರಸ್ತೆ ಇಕ್ಕಟ್ಟು. ಹಿಂದಿನವರು ಹಾರ್ನ್ ಹೊಡೆದರು, ಅವರ ಹಿಂದಿನವರೂ ಹೊಡೆದರು. ಟೀಚರ್ ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಚಾಚಿ, ಸುತ್ತಿಕೊಂಡು ಹೋಗಿ ಎಂದು ಒಬ್ಬೊಬ್ಬರಿಗೂ ಸನ್ನೆ ಮಾಡುತ್ತಾ ಕುಳಿತರು. ನನಗೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತೂ ಆ ಕೈ ಕೆಳಗಿಳಿಯಲಿಲ್ಲ.